ಸೂಜಿಯಲ್ಲಿ ಇಲ್ಲದ ಬಿರುಕು

ಕೊರೊನಾ ಕಳೆದ ಮರುವರ್ಷದ ಮಾತು. ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಉಪಕರಣ ಕಂಪನಿಯಲ್ಲಿ ನಾನು ಹಿರಿಯ ಸರ್ವೀಸ್ ಎಂಜಿನಿಯರ್. ನಿವೃತ್ತಿ ಹತ್ತಿರದಲ್ಲಿತ್ತು. ಹೈಸ್ಪೀಡ್ ಕ್ಯಾಮೆರಾ ಕೆಟ್ಟರೆ ಕೊಯಮತ್ತೂರು, ತಿರುಪ್ಪೂರು ಎರಡು ಜಿಲ್ಲೆಗೂ ನಾನೊಬ್ಬನೇ ಗತಿ. ಇದು ಜಂಬವಲ್ಲ, ಜಂಬವಾದರೂ ನಿಜ. ನಮ್ಮ ಮ್ಯಾನೇಜರ್ ಸೀನುವುದನ್ನು ಸೆಕೆಂಡಿಗೆ ಸಾವಿರಾರು ಫ್ರೇಮಿನಂತೆ ಹಿಡಿದು, ಆಫೀಸಿನ ದೊಡ್ಡ ಪರದೆಯ ಮೇಲೆ ನಿಧಾನವಾಗಿ ಓಡಿಸಿ, ಬಡ್ತಿ ಕಳೆದುಕೊಂಡವನೂ ನಾನೇ.

ಆಯುಧಪೂಜೆಯಾದ ವಾರ ತಿರುಪ್ಪೂರಿನಿಂದ ಮಾದೇಶನ ಫೋನ್ ಬಂತು. ಅಲ್ಲಿ ಅವನದೊಂದು ನಿಟ್ಟಿಂಗ್ ಮಿಲ್ಲು. ನಮ್ಮ ಹಾಗೆಯೇ ಅವರದೂ ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದು ಮನೆಯೊಳಗೆ ಕನ್ನಡ ಆಡುವ ಕುಟುಂಬ. ದೂರದ ನಂಟು ಬೇರೆ.

"ಮಾಮಾ, ಊಸಿ ಕಳ್ಳ ಸಿಕ್ಕವ್ನೆ. ಕ್ಯಾಮೆರಾದಲ್ಲಿ ಬಿದ್ದೈತೆ. ಅವನು ಒಪ್ಪಾಂಗಿಲ್ಲ. ಕ್ಯಾಮೆರಾ ಸರಿ ಐತೆ ಅಂತ ನೀವು ಬಂದು ಒಂದು ಮಾತು ಹೇಳ್ಬುಡಿ."

ಊಸಿ ಎಂದರೆ ಸೂಜಿ. ಬನಿಯನ್ ಬಟ್ಟೆ ಹೆಣೆಯುವ ದುಂಡನೆಯ ಮಿಷಿನ್ನಿನಲ್ಲಿ ಸಾಲಾಗಿ ನೂರಾರು ಸೂಜಿಗಳಿರುತ್ತವೆ. ಒಂದು ಮಿಷಿನ್ನಿನ ಬಟ್ಟೆಯಲ್ಲಿ ತೂತು ಬೀಳುತ್ತಿತ್ತು. ಮಾದೇಶ ತಾನು ಕೊಂಡಿದ್ದ ಹೈಸ್ಪೀಡ್ ಕ್ಯಾಮೆರಾದಲ್ಲಿ ಸೂಜಿಗಳ ಓಟ ಹಿಡಿದ. ಯಾವ ಫ್ರೇಮ್ ನಿಲ್ಲಿಸಿದರೂ ನಡುವಿನ ಸೂಜಿಯ ಮೇಲೆ ಸಣ್ಣ ಕಪ್ಪು ಗೆರೆ. ಬಿರುಕು! ಹಾಗಾದರೆ ಸೂಜಿಗಳೆಲ್ಲ ಹಳೆಯವು, ಫಿಟ್ಟರ್ ರಂಗಸಾಮಿ ಹೊಸ ಸೆಟ್ಟನ್ನು ಹೊರಗೆ ಮಾರಿ ಹಳೆಯದನ್ನು ತುರುಕಿದ್ದಾನೆ ಎಂದು ತೀರ್ಮಾನಿಸಿ, ಮಿಷಿನ್ನುಗಳ ನಡುವೆ, ಎಲ್ಲರೆದುರು, ಕಳ್ಳ ಎಂದು ಕೂಗಿ ಆಚೆ ಕಳಿಸಿದ್ದ.

ತಿರುಪ್ಪೂರಿನಲ್ಲಿ ಫಿಟ್ಟರನ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ಬಾಯಿಂದ ಬಾಯಿಗೆ ಹೋಗುವ ಹೆಸರೇ ಅವನ ಕೆಲಸ.

ನಾನು ಹೋದಾಗ ರಂಗಸಾಮಿ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ. ಕೊಯಮತ್ತೂರಿನ ಹತ್ತಿರದ ಅನ್ನೂರಿನವನು, ನಮ್ಮ ಮಾತಿನವನೇ, ಎಷ್ಟೋ ಮಿಲ್ಲುಗಳಲ್ಲಿ ನನಗೆ ಎದುರಾದವನು.

"ಅಣ್ಣಾ, ಊಸಿ ಎಲ್ಲಾ ಹೊಸದು. ಕೈಯಾರೆ ಹಾಕಿವ್ನಿ. ಈ ವೇಲೆ ಹೋದ್ರೆ ಹೋಗ್ಲಿ, ಪೇರು ವಾಪಸ್ ಬಂದ್ರೆ ಸಾಕು." ವೇಲೆ ಎಂದರೆ ಕೆಲಸ, ಪೇರು ಎಂದರೆ ಹೆಸರು.

"ಟೀ ಕುಡಿಯೋ. ಸಂಜೆಯೊಳಗೆ ನಿನ್ನ ಓನರ್ ಮೂತಿಗೇ ಬಿರುಕು ಬಿಡಿಸ್ತೀನಿ" ಅಂದೆ.

ಒಳಗೆ ಹೋಗಿ ನಾಲ್ಕು ಫ್ರೇಮ್ ನೋಡುತ್ತಲೇ ನಗು ಬಂತು. ಸೂಜಿಗಳು ಓಡುತ್ತಿವೆ, ಗೆರೆ ಮಾತ್ರ ಪರದೆಯ ಅದೇ ಜಾಗದಲ್ಲಿ ನಿಂತಿದೆ. ನೂರಾರು ಸೂಜಿಗಳು ಸರದಿಯ ಮೇಲೆ ಅಲ್ಲಿಗೆ ಬಂದು ಬಿರುಕು ಬಿಡುತ್ತವೆಯೇ?

ವಿಷಯ ಇಷ್ಟೆ. ಕ್ಯಾಮೆರಾದ ಸೆನ್ಸರಿನಲ್ಲಿರುವ ಪಿಕ್ಸೆಲ್‌ಗಳೆಲ್ಲ ಒಂದೇ ಸಮ ಇರುವುದಿಲ್ಲ. ಪೂರ್ತಿ ಕತ್ತಲಲ್ಲೂ ಕೆಲವು ಸ್ವಲ್ಪ ಬೆಳಕು ತೋರಿಸುತ್ತವೆ, ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ. ಇದು ಫಿಕ್ಸೆಡ್ ಪ್ಯಾಟರ್ನ್ ನಾಯ್ಸ್. ವೇಗದ ಚಿತ್ರೀಕರಣದಲ್ಲಿ ಬೆಳಕು ಕಡಿಮೆ ಸಿಗುವುದರಿಂದ ಅದು ಎದ್ದು ಕಾಣುತ್ತದೆ. ಅದಕ್ಕೇ ಮೊದಲು ಲೆನ್ಸಿಗೆ ಮುಚ್ಚಳ ಹಾಕಿ ಒಂದು ಕತ್ತಲ ಚಿತ್ರ ತೆಗೆಯಬೇಕು. ಆಮೇಲೆ ಕ್ಯಾಮೆರಾ ಪ್ರತಿ ಫ್ರೇಮಿನಿಂದಲೂ ಅದನ್ನು ತಾನೇ ಕಳೆಯುತ್ತದೆ. ಖಾಲಿ ತಕ್ಕಡಿಯನ್ನು ಸೊನ್ನೆಗೆ ನಿಲ್ಲಿಸಿಕೊಂಡ ಹಾಗೆ.

"ಮುಚ್ಚಳ ಎಲ್ಲಿ?" ಎಂದು ಕೇಳಿದೆ. ಸೂಪರ್‌ವೈಸರ್ ದೇವರ ಗೂಡು ತೋರಿಸಿದ. ಗಂಧ, ಕುಂಕುಮ ಹಚ್ಚಿಸಿಕೊಂಡು ಮುಚ್ಚಳ ಅಲ್ಲಿ ಕೂತಿತ್ತು. ಆಯುಧಪೂಜೆಯ ದಿನ ಮಾದೇಶನ ತಾಯಿ ಕ್ಯಾಮೆರಾಕ್ಕೂ ಬೊಟ್ಟಿಟ್ಟು, "ಪೂಜೆ ಆದ ಕಣ್ಣ ಮುಚ್ಚಬಾರ್ದು" ಎಂದಿದ್ದರಂತೆ. ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಮುಚ್ಚಳ ಹಾಕಿ ಬಟನ್ ಒತ್ತು ಎಂದು ಪರದೆ ಹೇಳಿದಾಗ, ಸೂಪರ್‌ವೈಸರ್ ಮುಚ್ಚಳ ಬಿಟ್ಟು ಬಟನ್ ಮಾತ್ರ ಒತ್ತಿದ್ದ. ಎದುರಿಗೆ ನಿಂತ ಮಿಷಿನ್ನಿನಲ್ಲಿ ಒಂದು ಸೂಜಿಯ ಅಂಚು ಮಾತ್ರ ದೀಪಕ್ಕೆ ಫಳಫಳ ಹೊಳೆಯುತ್ತಿತ್ತು. ತಕ್ಕಡಿಯಲ್ಲಿ ಬದನೆಕಾಯಿ ಇಟ್ಟುಕೊಂಡೇ ಸೊನ್ನೆ ಮಾಡಿದಂತಾಯಿತು. ಅಂದಿನಿಂದ ಕ್ಯಾಮೆರಾ ಆ ಹೊಳಪನ್ನು ಪ್ರತಿ ಫ್ರೇಮಿನಿಂದ ಕಳೆಯುತ್ತ, ಆ ಜಾಗದಲ್ಲಿ ಕಪ್ಪು ಗೆರೆ ಎಳೆಯುತ್ತಿತ್ತು.

ಮಾದೇಶ ನನ್ನನ್ನು ಏಸಿ ರೂಮಿಗೆ ಕರೆದ. ಕ್ಯಾಮೆರಾ ಹೊತ್ತುಕೊಂಡೇ ಹೋಗಿ ಅವನ ಮುಖಕ್ಕೆ ಹಿಡಿದೆ. ಪರದೆಯಲ್ಲಿ ಹಣೆಯಿಂದ ಮೂಗಿನ ತುದಿವರೆಗೆ ಗೆರೆ.

"ಅಯ್ಯೋ ಮಾದೇಶಾ, ನಿನ್ನ ಮೂಗಿಗೂ ಹಳೇ ಊಸಿ ಹಾಕವ್ನಲ್ಲೋ!"

ಅವನೂ ನಕ್ಕ. ಲೆನ್ಸಿಗೆ ಕಪ್ಪು ಬಟ್ಟೆ ಬಿಗಿಯಾಗಿ ಸುತ್ತಿ ಹೊಸದಾಗಿ ಕತ್ತಲ ಚಿತ್ರ ತೆಗೆದೆ. ಗೆರೆ ಮಾಯ. ಮತ್ತೆ ಮಿಷಿನ್ನಿಗೆ ಕ್ಯಾಮೆರಾ ಇಟ್ಟಾಗ ನಿಜವಾದ ಕಾರಣವೂ ಸಿಕ್ಕಿತು. ಆ ಸಲದ ನೂಲಿನಲ್ಲಿ ಗಂಟುಗಳಿದ್ದವು, ಅವು ಸೂಜಿಯ ಕೊಕ್ಕೆಗೆ ಸಿಕ್ಕಿ ನೂಲು ಹರಿದು ತೂತು ಬೀಳುತ್ತಿತ್ತು.

"ಸರಿ, ಈಗ ಎಲ್ಲಾರ ಮುಂದೆ ಹೇಳು" ಅಂದೆ.

ಅವನ ನಗು ನಿಂತಿತು. "ಹೆಂಗೆ ಹೇಳ್ಲಿ ಮಾಮಾ? ಅಮ್ಮನ ಪೂಜೆಯಿಂದ ಹಿಂಗಾಯ್ತು ಅಂತಾರೆ. ರಂಗಸಾಮಿನ ಒಳಗೆ ಕರೀರಿ, ನಾಳೆಯಿಂದ ಬಾ ಅಂತ ನಾನೇ ಹೇಳ್ತೀನಿ."

ರಂಗಸಾಮಿ ಬಂದ. ಮಾದೇಶ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದ. "ಅಣ್ಣಾ, ಕಳ್ಳ ಅಂದಿದ್ದು ಮಿಷಿನ್ ಮುಂದೆ. ಅಲ್ಲ ಅನ್ನೋದು ಏಸಿ ರೂಮಲ್ಲಾ? ನಾ ಹೆಂಗೆ ಆ ಕೆಲಸದವರ ಮಧ್ಯೆ ನಿಂತ್ಕಳ್ಳಿ?" ಎಂದವನು ಮತ್ತೆ ಆ ಮಿಲ್ಲಿಗೆ ಕಾಲಿಡಲಿಲ್ಲ. ನಾನು ಮಾದೇಶನ ಜೊತೆ ಜಗಳವಾಡಿ ಕ್ಯಾಮೆರಾ ಬಿಟ್ಟು ಎದ್ದು ಬಂದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಕಳೆದ ವರ್ಷ ಇನ್ನೊಂದು ಮಿಲ್ಲಿನ ಸೂಪರ್‌ವೈಸರ್ ಒಳ್ಳೆಯ ಫಿಟ್ಟರ್ ಬೇಕೆಂದ. ರಂಗಸಾಮಿಯ ಹೆಸರು ಹೇಳಿದೆ. "ಯಾರು, ಆ ಊಸಿ ಕಳ್ಳನಾ?" ಅಂದ. ಪಿಕ್ಸೆಲ್ಲು, ಮುಚ್ಚಳ, ತಕ್ಕಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ ತಲೆಯಾಡಿಸಿದ.

"ನೀವು ಹೇಳೋದು ಸರಿ ಇರಬಹುದು ಸಾರ್. ಆದ್ರೂ ಸುಮ್ನೆ ಆ ಪೇರು ಯಾಕೆ ಬರುತ್ತೆ?"

ರಂಗಸಾಮಿ ಈಗ ಅನ್ನೂರಿನಲ್ಲಿ ಭಾವಮೈದುನನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಾನೆ. ನನ್ನನ್ನು ಇಂದಿಗೂ ಮಿಲ್ಲಿನವರು ಕರೆಯುತ್ತಾರೆ, ಕರೆಯದೆ ಏನು ಮಾಡಿಯಾರು? ಆದರೆ ನಾನು ಏಸಿ ರೂಮಿಗೆ ಹೋಗುವುದಿಲ್ಲ. ಪರದೆಯನ್ನು ಮಿಷಿನ್ನುಗಳ ನಡುವೆ ಇಡಿಸಿ, ಕೆಲಸದವರನ್ನೆಲ್ಲ ಸುತ್ತ ನಿಲ್ಲಿಸಿ, ಆಮೇಲೆಯೇ ಗೆರೆ ತೆಗೆಯುತ್ತೇನೆ. ಮಾಲೀಕರಿಗೆ ಮುಜುಗರವಾಗುತ್ತದಂತೆ. ಆಗಲಿ.