ಹಲಗೆ ತೆಗೆಯಲು ಯಾರಿಗೂ ಪುರಸೊತ್ತಿರಲಿಲ್ಲ

ಕೆಲವು ವರ್ಷಗಳ ಹಿಂದೆ, ಬೆಳ್ತಂಗಡಿ ತಾಲೂಕಿನಲ್ಲಿ ಮುಂಡಾಜೆಗೆ ಸಮೀಪದ ಒಂದು ಗ್ರಾಮ ಪಂಚಾಯತಿನಲ್ಲಿ ನಾನು ಅಭಿವೃದ್ಧಿ ಅಧಿಕಾರಿಯಾಗಿ ಕರ್ತವ್ಯ ನಿರ್ವಹಿಸುತ್ತಿದ್ದ ಅವಧಿಯಲ್ಲಿ ನಡೆದ ಒಂದು ಪ್ರಕರಣವನ್ನು ಈ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ. ಕಚೇರಿ ಪತ್ರಗಳ ಹೊರತಾಗಿ ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ನಿರೂಪಣೆಯಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರಿಕೆ. ಆದರೆ ಇದರಲ್ಲಿ ಬರುವ ಕೆಲವು ಮಹನೀಯರ ಬಗ್ಗೆ ನನಗಿರುವ ಅಭಿಪ್ರಾಯಕ್ಕೆ ಕ್ಷಮೆ ಕೋರುವ ಉದ್ದೇಶ ನನಗಿಲ್ಲ.

ಮೊದಲಿಗೆ ವಿಷಯದ ಹಿನ್ನೆಲೆ. ನಮ್ಮ ಕಡೆಯ ಹೊಳೆಗಳಿಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟುಗಳಿವೆ. ಕಾಂಕ್ರೀಟ್ ಕಂಬಗಳ ನಡುವಿನ ಕಿಂಡಿಗಳಿಗೆ ಡಿಸೆಂಬರ್ ಸುಮಾರಿಗೆ ಮರದ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ, ಮಧ್ಯೆ ಮಣ್ಣು ತುಂಬಿಸಿ, ಬೇಸಿಗೆಗೆ ನೀರು ನಿಲ್ಲಿಸಲಾಗುತ್ತದೆ. ಮಳೆಗಾಲಕ್ಕೆ ಮುನ್ನ ಅವನ್ನು ತೆಗೆಯತಕ್ಕದ್ದು. ತೆಗೆಯದಿದ್ದಲ್ಲಿ, ನೆರೆಯಲ್ಲಿ ತೇಲಿಬರುವ ಮರದ ದಿಮ್ಮಿ, ಬಿದಿರು ಹಲಗೆಗಳಿಗೆ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ; ಹೊಳೆ ದಂಡೆ ಕಡಿದು ಪಕ್ಕಕ್ಕೆ ನುಗ್ಗುತ್ತದೆ. ಒಮ್ಮೆ ನೀರು ಏರಿದರೆ ಅದರ ಒತ್ತಡಕ್ಕೆ ಹಲಗೆಗಳು ಕಂಬದಲ್ಲಿ ಕೊರೆದ ಸಂದಿನಲ್ಲಿ ಬಿಗಿದುಕೊಳ್ಳುವುದರಿಂದ ಆ ಮೇಲೆ ಯಾರಿಂದಲೂ ತೆಗೆಯಲಾಗುವುದಿಲ್ಲ.

ಹಲಗೆ ಇಳಿಸುವುದಕ್ಕೆ ನಮ್ಮಲ್ಲಿ ಜನರ ಕೊರತೆ ಎಂದೂ ಆದದ್ದಿಲ್ಲ. ಆ ದಿನ ಗಣ್ಯರು ಬರುತ್ತಾರೆ, ಹೊಳೆಗೆ ಬಾಗಿನ ಬಿಡುತ್ತಾರೆ, ಶಾಲು ಹೊದೆಸಿಕೊಳ್ಳುತ್ತಾರೆ. ತೆಗೆಯುವುದಕ್ಕೆ ಬಾಗಿನವಿಲ್ಲ, ಶಾಲಿಲ್ಲ; ಆದ್ದರಿಂದ ಜನವೂ ಇಲ್ಲ.

ನಮ್ಮ ಗ್ರಾಮದ ಅಂಥ ಒಂದು ಅಣೆಕಟ್ಟಿನಿಂದ ಸ್ವಲ್ಪ ಮೇಲ್ಗಡೆ, ಹೊಳೆಯ ತಗ್ಗಿನ ದಂಡೆಯಲ್ಲಿ ಅವ್ವಮ್ಮ ಎಂಬ ವೃದ್ಧೆಯ ಮನೆ ಇತ್ತು. ಅವರ ಮಗ ಹನೀಫ್ ಪಿಕಪ್ ಓಡಿಸುತ್ತಿದ್ದರು. ಹಿಂದೊಂದು ಮಳೆಗಾಲದಲ್ಲಿ ಹಲಗೆ ಉಳಿದು ಅವರ ಅಡುಗೆಮನೆಯ ಗೋಡೆ ಹೊಳೆಯ ಪಾಲಾಗಿತ್ತು. ಈ ಬಾರಿ ಸೊಸೆಗೆ ಹೆರಿಗೆಯಾಗಿ, ಬಾಣಂತಿ ಮತ್ತು ಮಗು ಹೊಳೆಯ ಬದಿಯ ಕೋಣೆಯಲ್ಲಿದ್ದರು. ಮೇ ತಿಂಗಳ ಆರಂಭದಿಂದಲೇ ಅವ್ವಮ್ಮ ಕಚೇರಿಗೆ ಬಂದು ಹೋಗುತ್ತಿದ್ದರು.

"ಹಾಕುವಾಗ ಹಾರ, ಫೋಟೋ ಎಲ್ಲ ಉಂಟು ಮೇಡಂ. ತೆಗೆಯಿರಿ ಅಂದ್ರೆ ಊರಿಡೀ ಗಂಡಸರಿಗೆ ಸೊಂಟ ನೋವು!"

ಹಲಗೆ ತೆಗೆಸುವ ಹೊಣೆ ನೀರು ಬಳಕೆದಾರರ ಸಂಘದ್ದು. ಅದರ ಅಧ್ಯಕ್ಷರಾದ ಜನಾರ್ದನ ಅವರು ಯಾವ ಕೆಲಸವನ್ನೂ ನಿರಾಕರಿಸುವವರಲ್ಲ; ಮುಂದಿನ ವಾರಕ್ಕೆ ಒಪ್ಪಿಕೊಳ್ಳುವವರು. ದೂರವಾಣಿ ಮೂಲಕ ಎಷ್ಟು ಬಾರಿ ನೆನಪಿಸಿದರೂ, "ಮಾಡುವ ಮೇಡಂ, ಮಾಡುವ. ಅಣ್ಣನ ಮಗನ ಮದುವೆಯೊಂದು ಕಳೀಲಿ" ಎಂಬುದೇ ಉತ್ತರ. ತಾಲೂಕು ಕಚೇರಿಯ ಮೇಲಧಿಕಾರಿಗಳ ಕಾರ್ಯವೈಖರಿ ಇದಕ್ಕೆ ವ್ಯತಿರಿಕ್ತ. ಅವರಿಗೆ ಸಕಲವೂ 'ಅತೀ ತುರ್ತು'. ಸ್ವಚ್ಛತಾ ಫಲಕದ ಫೋಟೋ ಅತೀ ತುರ್ತು, ಫೋಟೋ ಕಳುಹಿಸಿದ್ದಕ್ಕೆ ದೃಢೀಕರಣವೂ ಅತೀ ತುರ್ತು. ಹಲಗೆಯ ವಿಷಯ ಪ್ರಸ್ತಾಪಿಸಿದಾಗ ಮಾತ್ರ, "ಮಳೆ ಶುರುವಾಗಲಿ, ನೋಡುವ" ಎಂದರು. ಮಳೆ ಶುರುವಾದ ಮೇಲೆ ನೋಡುವುದನ್ನು ಬಿಟ್ಟು ಬೇರೇನೂ ಮಾಡಲಾಗದು ಎಂಬುದು ಅವರಿಗೆ ತಿಳಿದಿರಲಿಲ್ಲವೆಂದು ನಾನು ನಂಬುವುದಿಲ್ಲ.

ನನ್ನ ಕೌಟುಂಬಿಕ ಸ್ಥಿತಿಯನ್ನೂ ಇಲ್ಲಿ ನಮೂದಿಸುವುದು ಅಗತ್ಯ. ನನ್ನ ಪತಿ ಮೂಡುಬಿದಿರೆಯಲ್ಲಿ ಉದ್ಯೋಗದಲ್ಲಿದ್ದು, ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಮರಳುವವರು. ಒಂದನೇ ತರಗತಿ ಮುಗಿಸಿದ ಮಗಳು ಅನ್ವಿತಾಳಿಗೆ ಬೇಸಿಗೆ ರಜೆ. ಅವಳನ್ನು ನೋಡಿಕೊಳ್ಳುವ ಪಕ್ಕದ ಮನೆಯವರಿಗೆ ಮೇ ತಿಂಗಳಿಡೀ ಮದುವೆಗಳು. ಹಾಗಾಗಿ ತಿಂಗಳ ಕೊನೆಯ ವಾರದ ಆ ಬೆಳಿಗ್ಗೆ, ಕಡ್ಡಾಯ ಹಾಜರಾತಿಯ ಒಂದು ಕಾರ್ಯಾಗಾರಕ್ಕೆ ಅವಳನ್ನೂ ಬೆಳ್ತಂಗಡಿಗೆ ಕರೆದೊಯ್ದಿದ್ದೆ. ಕಾರ್ಯಾಗಾರದ ವಿಷಯ: ಸಮಯ ನಿರ್ವಹಣೆ ಮತ್ತು ಕೆಲಸಗಳ ಆದ್ಯತೆ.

ಸಂಪನ್ಮೂಲ ವ್ಯಕ್ತಿಗಳು ತಡವಾಗಿ ಬಂದರು. ಬಂದವರು ಪರದೆಯ ಮೇಲೆ ನಾಲ್ಕು ಚೌಕಗಳನ್ನು ತೋರಿಸಿ, ತುರ್ತಾದದ್ದು ಯಾವುದು, ಮುಖ್ಯವಾದದ್ದು ಯಾವುದು ಎಂದು ವಿಂಗಡಿಸುವ ಕಲೆಯನ್ನು ವಿವರಿಸಿದರು. ಉದ್ಯೋಗಸ್ಥ ತಾಯಂದಿರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೊದಲ ಒಂದು ಗಂಟೆಯನ್ನು ತಮಗಾಗಿ ಮೀಸಲಿಡಬೇಕಂತೆ. ಅವರ ಮನೆಯಲ್ಲಿ ಆ ಗಂಟೆಗೆ ತೆಂಗಿನಕಾಯಿ ತುರಿಯುವವರು ಯಾರು ಎಂದು ಕೇಳಲು ಅವಕಾಶವಿರಲಿಲ್ಲ. ಪ್ರಶ್ನೋತ್ತರ ಊಟದ ನಂತರವಿತ್ತು. ಹಿಂದಿನ ಸಾಲಿನಲ್ಲಿ ಚಿತ್ರ ಬರೆಯುತ್ತಿದ್ದ ನನ್ನ ಮಗಳನ್ನು ನೋಡಿ ಅವರು ನಕ್ಕರು.

"ಮನೆ ಮನೆಯಲ್ಲಿರಬೇಕು, ಆಫೀಸು ಆಫೀಸಿನಲ್ಲಿರಬೇಕು ಮೇಡಂ. ಪ್ಲಾನಿಂಗ್ ತಪ್ಪಿದ್ರೆ ಹೀಗಾಗ್ತದೆ."

ಸಭಿಕರೂ ನಕ್ಕರು. ಅವರಲ್ಲಿ ಕೆಲವರ ಮಕ್ಕಳು ಆ ಹೊತ್ತಿಗೆ ಎಲ್ಲಿದ್ದರೆಂಬುದು ಅವರ ಹೆಂಡಂದಿರಿಗೆ ಮಾತ್ರ ಗೊತ್ತಿರುವ ವಿಷಯ.

ಮೂರನೇ ಚೌಕದ ವಿವರಣೆ ನಡೆಯುತ್ತಿರುವಾಗ ಹನೀಫ್ ಅವರ ಕರೆ ಬಂತು.

"ಮೇಡಂ, ಚಾರ್ಮಾಡಿಗೆ ಲೋಡ್ ತಕೊಂಡು ಬಂದವ ನಾನು. ಘಾಟಿಯಲ್ಲಿ ಮಳೆ ಹೊಡೀತಾ ಉಂಟು, ಎದುರಿನ ಗಾಡಿ ಕಾಣುವುದಿಲ್ಲ. ಊರಲ್ಲಿ ಬಿಸಿಲಂತೆ. ಯಾರೂ ನಂಬುವುದಿಲ್ಲ. ನಾನು ಈಗ ಹೊರಡ್ತೇನೆ."

ಘಾಟಿಯ ಮಳೆ ನಮ್ಮ ಹೊಳೆಗೆ ಇಳಿದು ಬರಲು ಕೆಲವು ಗಂಟೆಗಳು ಹಿಡಿಯುತ್ತವೆ. ಈ ಸಂಗತಿ ಗ್ರಾಮದ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಪ್ರತಿಯೊಬ್ಬರೂ ತಮ್ಮ ಅಂಗಳದ ಆಕಾಶ ನೋಡಿಯೇ ಹೊಳೆಯ ಬಗ್ಗೆ ತೀರ್ಮಾನಿಸುತ್ತಾರೆ. ನಾನು ಎದ್ದು ಮಗಳ ಕೈ ಹಿಡಿದೆ. ಬಾಗಿಲಲ್ಲಿ ಮೇಲಧಿಕಾರಿಗಳು ತಡೆದರು.

"ಹಾಜರಿ ಊಟದ ಮೇಲೆ ಮೇಡಂ. ಈಗ ಹೋದ್ರೆ ಗೈರು ಅಂತ ಆಗ್ತದೆ."

"ಆಗಲಿ ಸರ್" ಎಂದೆ.

ಜನಾರ್ದನ ಅವರು ಫೋನ್ ಎತ್ತಲಿಲ್ಲ. ಅಂದೇ ಅವರ ಅಣ್ಣನ ಮಗನ ಮದುವೆ. ಊರಿನ ಕೆಲಸ ಬಲ್ಲ ಗಂಡಸರೆಲ್ಲ ಮದುವೆಯ ಸಭಾಭವನದಲ್ಲಿಯೇ ಇದ್ದರು. ಸ್ಕೂಟರಿನಲ್ಲಿ ಮಗಳನ್ನು ಕೂರಿಸಿಕೊಂಡು ನೇರ ಅಲ್ಲಿಗೆ ಹೋದೆ. ಮೊದಲ ಪಂಕ್ತಿ ಇನ್ನೂ ಎದ್ದಿರಲಿಲ್ಲ, ಎರಡನೆಯದಕ್ಕೆ ಜನ ಕುರ್ಚಿಗಳ ಹಿಂದೆ ನಿಂತು, ಉಣ್ಣುತ್ತಿರುವವರ ಎಲೆಯನ್ನೇ ದಿಟ್ಟಿಸುತ್ತಿದ್ದರು. ನಮ್ಮವರು ಸರದಿಯನ್ನು ಇಷ್ಟು ಏಕಾಗ್ರತೆಯಿಂದ ಪಾಲಿಸುವ ಇನ್ನೊಂದು ಸಂದರ್ಭವನ್ನು ನಾನು ಕಂಡಿಲ್ಲ.

"ಬನ್ನಿ ಬನ್ನಿ ಮೇಡಂ, ಊಟ ಮಾಡುವ" ಎಂದರು ಜನಾರ್ದನ.

"ಹಲಗೆ ತೆಗೆಯುವ. ಘಾಟಿಯಲ್ಲಿ ಮಳೆ ಬರ್ತಾ ಉಂಟು."

"ಎಂತ ಮಳೆ ಮಾರಾಯ್ರೆ! ಹೊರಗೆ ನೋಡಿ, ಹಪ್ಪಳ ಒಣಗಿಸಬಹುದು. ನಾಳೆ ಬೆಳಿಗ್ಗೆ ಫಸ್ಟ್ ಅದೇ ಕೆಲಸ. ಐಸ್‌ಕ್ರೀಮ್ ಆದ್ರೂ ತಿನ್ನಿ."

ವಾದಿಸುವುದರಲ್ಲಿ ಪ್ರಯೋಜನವಿಲ್ಲವೆಂದು ಮನಗಂಡು, ಪಂಕ್ತಿಯ ಮಧ್ಯೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಅವ್ವಮ್ಮನ ಮನೆಯಲ್ಲಿ ಬಾಣಂತಿ ಮಲಗಿದ್ದಾರೆ. ಇವತ್ತು ತೆಗೆಯದಿದ್ರೆ ನಾಳೆ ತೆಗೆಯಲಿಕ್ಕೆ ಆಗುವುದಿಲ್ಲ. ಊಟ ಎರಡು ಗಂಟೆ ಬಿಟ್ಟೂ ಇರ್ತದೆ."

ಬಡಿಸುತ್ತಿದ್ದವರಲ್ಲಿ ಒಬ್ಬರು ಸಾರಿನ ಬಕೆಟು ಕೆಳಗಿಟ್ಟರು. ಬಡಿಸುವವರು ಹೊರಟರೆ ಪಂಕ್ತಿಗೆ ಅರ್ಥವಿಲ್ಲವೆಂದು ತಿಳಿದ ಉಳಿದವರೂ ಶರಟು ಬಿಚ್ಚುತ್ತಾ ಹೊರಬಂದರು. ಇದನ್ನು ನಾನು ಸಮಾಜಸೇವೆ ಎಂದು ದಾಖಲಿಸಲಾರೆ.

ಮಗಳನ್ನು ಹೊಳೆಯ ಬಳಿಗೆ ಒಯ್ಯುವಂತಿರಲಿಲ್ಲ. ಜನಾರ್ದನ ಅವರ ಪತ್ನಿ, "ಇಲ್ಲಿ ಬಿಡಿ ಮೇಡಂ, ನಮ್ಮ ಮಕ್ಕಳೊಟ್ಟಿಗೆ ಇರ್ತಾಳೆ" ಎಂದರು. ಪರಿಚಯವಿಲ್ಲದ ಜನರ ನಡುವೆ, ಅಳು ತಡೆದುಕೊಂಡು ತುಟಿ ಬಿಗಿಹಿಡಿದಿದ್ದ ಅವಳನ್ನು ಬಿಟ್ಟು ಬಂದೆ. ಇದು ಯಾವ ಚೌಕಕ್ಕೆ ಸೇರುತ್ತದೆ ಎಂಬುದನ್ನು ಸಂಪನ್ಮೂಲ ವ್ಯಕ್ತಿಗಳು ತಿಳಿಸಿರಲಿಲ್ಲ.

ಹನೀಫ್ ಆಗಲೇ ಅಣೆಕಟ್ಟಿನ ಮೇಲೆ ಕೊಕ್ಕೆ, ಹಗ್ಗ ಹಿಡಿದು ನಿಂತಿದ್ದರು. ಮೇಲಿನ ಹಲಗೆಗಳು ಸಲೀಸಾಗಿ ಬಂದವು. ಕೆಳಗಿನವು ಮಣ್ಣು ಕಚ್ಚಿಕೊಂಡಿದ್ದವು. ಬಿಸಿಲು ಹಾಗೆಯೇ ಇದ್ದುದರಿಂದ ಗೊಣಗಾಟವೂ ಮುಂದುವರಿಯಿತು. ಜನಾರ್ದನ ಅವರು ಮದುವೆಯ ರೇಷ್ಮೆ ಪಂಚೆಯಲ್ಲೇ ಬಂದು, ದಂಡೆಯಲ್ಲಿ ನಿಂತು ಹೇಗೆ ಎಳೆಯಬೇಕೆಂದು ಸಲಹೆ ನೀಡುತ್ತಿದ್ದರು.

"ಸಲಹೆ ಸಾಕು ಜನಾರ್ದನಣ್ಣ, ಹಗ್ಗ ಹಿಡೀರಿ" ಎಂದು ಅವ್ವಮ್ಮ ಅಂಗಳದಿಂದಲೇ ಕೂಗಿದರು. "ಪಂಚೆ ಒಗೀಲಿಕ್ಕೆ ಹೊಳೆ ಹತ್ತಿರವೇ ಉಂಟು!"

ಎಲ್ಲರೂ ನಕ್ಕರು, ಅವರು ಹಗ್ಗ ಹಿಡಿದರು. ಕೊನೆಯ ಕಿಂಡಿಯ ಅಡಿಯಲ್ಲಿ ಹಲಗೆಗಳು ಉಳಿದಿದ್ದಾಗ ಘಾಟಿಯ ಮಣ್ಣು ಬೆರೆತು ನೀರಿನ ಬಣ್ಣ ಕೆಂಪಾಯಿತು. ಹನೀಫ್ ಎಲ್ಲರನ್ನೂ ಮೇಲಕ್ಕೆ ಬರಹೇಳಿದರು. ಅವು ಅಲ್ಲಿಯೇ ಉಳಿದವು. ಹೆಚ್ಚು ಹೊತ್ತು ಕಳೆಯುವ ಮುನ್ನ ಹೊಳೆ ತುಂಬಿಕೊಂಡು ಬಂತು. ಬೇರು ಸಮೇತ ಬಂದ ಒಂದು ಮರ ಕಂಬಕ್ಕೆ ಬಡಿದು, ಅಡ್ಡ ತಿರುಗಿ, ಮತ್ತೆ ನೆಟ್ಟಗಾಗಿ ತೆರೆದ ಕಿಂಡಿಯಲ್ಲಿ ನುಸುಳಿ ಹೋಯಿತು. ನೀರು ಅವ್ವಮ್ಮನ ಅಂಗಳಕ್ಕೆ ಏರಿ, ಜಗಲಿಯ ಮೆಟ್ಟಿಲು ಮುಟ್ಟಿ ನಿಂತಿತು. ಬಾಣಂತಿಯ ಕೋಣೆಗೆ ಬರಲಿಲ್ಲ. ಒಳಗೆ ಮಗು ಹಸಿವಿಗೆ ಅಳುತ್ತಿತ್ತು. ಅದಕ್ಕೆ ಅದೊಂದೇ ತುರ್ತು.

ಸಭಾಭವನಕ್ಕೆ ಮರಳಿದಾಗ ಅನ್ವಿತಾ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದಳು. ಐಸ್‌ಕ್ರೀಮ್ ಕೊಟ್ಟರೂ ತಿಂದಿರಲಿಲ್ಲವಂತೆ. "ಅಮ್ಮ ಬರ್ತೇನೆ ಹೇಳಿ ಬರಲೇ ಇಲ್ಲ" ಎಂದಳು. ಮಾಡಿದ ಕೆಲಸಕ್ಕೆ ಪ್ರತಿಯಾಗಿ ಆ ದಿನ ನನಗೆ ದೊರೆತ ಏಕೈಕ ಹಿಂಬರಹ ಇದು, ಮತ್ತು ನ್ಯಾಯವಾದದ್ದೂ ಇದೊಂದೇ.

ಮರುದಿನ ತಾಲೂಕು ಕಚೇರಿಯಿಂದ ಹಲಗೆ ತೆರವುಗೊಳಿಸಿದ ಫೋಟೋ ಕೇಳಲಾಯಿತು, ಅತೀ ತುರ್ತು. ಎಲ್ಲರ ಕೈಯಲ್ಲೂ ಹಗ್ಗವಿದ್ದುದರಿಂದ ಯಾರೂ ಫೋಟೋ ತೆಗೆದಿರಲಿಲ್ಲ. ಜನಾರ್ದನ ಅವರು ಪರಿಹಾರ ಸೂಚಿಸಿದರು: "ನೀರು ಇಳಿದ ಮೇಲೆ ಹಲಗೆ ಎರಡು ಪುನಃ ಇಟ್ಟು, ತೆಗೆದ ಹಾಗೆ ಮಾಡುವ ಮೇಡಂ. ನಾನು ಜನ ಕರ್ಕೊಂಡು ಬರ್ತೇನೆ." ತೆಗೆಯಲು ಇಲ್ಲದ ಪುರಸೊತ್ತು ತೆಗೆದಂತೆ ನಟಿಸಲು ಒಂದೇ ದಿನದಲ್ಲಿ ಒದಗಿತ್ತು. ನಾನು ಒಪ್ಪಲಿಲ್ಲ. ಕಡತದಲ್ಲಿ ಆ ಕಾಮಗಾರಿ ಇಂದಿಗೂ 'ಬಾಕಿ' ಎಂದೇ ಇರಬೇಕು.

ಈ ಪ್ರಕರಣದಿಂದ ನಾನು ಕಲಿತದ್ದನ್ನು ಹೇಳಿ ಮುಗಿಸುತ್ತೇನೆ. ತಡವಾದರೆ ಬೈಗುಳ ಬರುವ ಕೆಲಸ ಬೇರೆ. ತಡವಾದರೆ ಮಾಡಲಿಕ್ಕೇ ಆಗದ ಕೆಲಸ ಬೇರೆ. ಮೊದಲನೆಯದು ದಿನವಿಡೀ ಕೂಗುತ್ತದೆ. ಎರಡನೆಯದು ಬಿಸಿಲಿನಲ್ಲಿ ಸದ್ದಿಲ್ಲದೆ ಬಿದ್ದಿರುತ್ತದೆ. ಕೂಗಿಗೆ ಓಡುವವರನ್ನು ದಕ್ಷರೆಂದು ಕರೆಯುವ ರೂಢಿ ನಮ್ಮಲ್ಲಿದೆ. ಅಂಥ ದಕ್ಷರ ಬಗ್ಗೆ ನನಗೆ ಗೌರವ ಉಳಿದಿಲ್ಲ. ಕೆಲಸ ಮುಂದೂಡುವುದು ತಪ್ಪಲ್ಲ. ಯಾವುದನ್ನು ಮುಂದೂಡುತ್ತೇವೆ ಎಂಬುದರಲ್ಲಿ ತಪ್ಪಿರುತ್ತದೆ.

ಪ್ರಸ್ತುತ ನಾನು ಬಂಟ್ವಾಳ ತಾಲೂಕಿನಲ್ಲಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಕಚೇರಿಯ ವಾಟ್ಸಾಪ್ ಗುಂಪಿನಿಂದ ಕರೆಗಳು ಆರಂಭವಾಗುತ್ತವೆ. ಅದೇ ಹೊತ್ತಿಗೆ ಮಗಳು ಬಾಚಣಿಗೆ ಹಿಡಿದುಕೊಂಡು ಬಂದು ನನ್ನೆದುರು ಕೂರುತ್ತಾಳೆ. ಇನ್ನೆರಡು ವರ್ಷ ಕಳೆದರೆ ಅವಳೇ ಜಡೆ ಹಾಕಿಕೊಳ್ಳುತ್ತಾಳೆ. "ಅಮ್ಮ, ಫೋನು" ಎನ್ನುತ್ತಾಳೆ. "ಬಡಿದುಕೊಳ್ಳಲಿ, ನೀನು ತಲೆ ಅಲ್ಲಾಡಿಸಬೇಡ" ಎನ್ನುತ್ತೇನೆ.