ಲಾಡಿಯ ಗಂಟು ಬೀಳುತ್ತಿದ್ದ ಜಾಗ

ನಮ್ಮವ್ವ ಸೀರೆ ಉಡುವುದನ್ನು ನೋಡಿದರೆ ಯಾರ ಮೇಲೋ ಯುದ್ಧಕ್ಕೆ ಹೊರಟಂತಿರುತ್ತಿತ್ತು. ಉಸಿರು ಒಳಗೆಳೆದುಕೊಂಡು, ಒಳಲಂಗದ ಲಾಡಿಯನ್ನು ಎರಡೂ ಕೈಯಿಂದ ಜಗ್ಗಿ, ಸೊಂಟದ ಎಡಕ್ಕೆ ಗಂಟು ಹಾಕುತ್ತಿದ್ದಳು. ನನಗೆ ಮೊದಲ ಸಲ ಸೀರೆ ಉಡಿಸಿದಾಗಲೂ ಹಾಗೆಯೇ ಬಿಗಿದು, "ಸಡ್ಲ ಉಟ್ಟಾಕಿ ಮನಿ ಹೆಂಗ ಹಿಡೀತಾಳ?" ಎಂದಿದ್ದಳು. ಆ ದಿನವೆಲ್ಲ ನಾನು ಅರ್ಧ ಉಸಿರಿನಲ್ಲೇ ಓಡಾಡಿದೆ.

ಅಪ್ಪ ತೀರಿಕೊಂಡ ಮೇಲೆ ಅವಳು ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಗಚ್ಚಿಬೌಲಿಯ ನನ್ನ ಬಾಡಿಗೆ ಮನೆಗೆ ಬಂದಳು. ಆಗ ಅಲ್ಲಿ ದಿನವಿಡೀ ಬಂಡೆ ಒಡೆಯುವ ಸದ್ದು. ಒಂದು ಸಾಫ್ಟ್‌ವೇರ್ ಕಂಪನಿಯ ಕಟ್ಟಡ ಏಳುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದಕ್ಕೆ ಗುಂಡಿ ತೋಡುತ್ತಿದ್ದರು. ಅಂಥದ್ದೊಂದು ಕಂಪನಿಯಲ್ಲೇ ನನ್ನ ಕೆಲಸ. ಆ ಧೂಳಿನ ದಿನಗಳು ಈಗ ನೆನಪಾದರೆ ಆಗಿನ ನನ್ನ ಮೇಲೆಯೇ ಹೊಟ್ಟೆಕಿಚ್ಚಾಗುತ್ತದೆ. ಆಗ ಸಂಜೆ ಬಾಗಿಲು ತೆರೆಯಲು ಅವ್ವ ಇದ್ದಳು.

ಗಂಟು ಬೀಳುವ ಜಾಗದಲ್ಲಿ ಅವಳಿಗೊಂದು ಹುಣ್ಣಾಗಿತ್ತು. ಅರಿಶಿನ ಹಚ್ಚಿಕೊಂಡು ಮುಚ್ಚಿಟ್ಟಿದ್ದಳು. ನನ್ನ ಕಣ್ಣಿಗೆ ಬಿದ್ದು ಆಸ್ಪತ್ರೆಗೆ ಎಳೆದುಕೊಂಡು ಹೋದಾಗ ಚರ್ಮದ ಕ್ಯಾನ್ಸರ್ ಎಂದರು. ವರ್ಷಗಟ್ಟಲೆ ಲಾಡಿ ಒಂದೇ ಕಡೆ ಉಜ್ಜಿದ್ದರಿಂದ ಹೀಗಾಗಿದೆ ಎಂದು ಡಾಕ್ಟರಮ್ಮ ವಿವರಿಸಿದರು. ಪುಣ್ಯಕ್ಕೆ ಬೇರೆಲ್ಲೂ ಹರಡಿರಲಿಲ್ಲ. ಕತ್ತರಿಸಿ ತೆಗೆದರು.

ಕ್ಯಾನ್ಸರ್ ಹೋಯಿತು, ಗಾಯ ಮಾತ್ರ ಹೋಗಲೊಲ್ಲದು. ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ. ಮಾಯಲು ತಡವಾಗುತ್ತದೆ, ಸೊಂಟಕ್ಕೆ ಏನೂ ತಾಗಬಾರದು ಎಂದಿದ್ದರು. ಮಾಯದಿದ್ದರೆ ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಬೇಕು, ಅಂದರೆ ಮತ್ತೊಂದು ಆಪರೇಷನ್. ಅವ್ವ ಅದಕ್ಕೆ ಹೆದರಿ ಸಾಯುತ್ತಿದ್ದಳು. ನಾನು ಸುಲ್ತಾನ್ ಬಜಾರಿನಿಂದ ನೈಟಿಗಳನ್ನು ತಂದೆ. ಅವತ್ತೇ ಒಂದನ್ನು ಹಾಕಿಕೊಂಡಳು. ನೈಟಿ ಹಾಕಿದವರನ್ನು ಕಂಡರೆ ಮೂಗು ಮುರಿಯುತ್ತಿದ್ದವಳು ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ಗಾಯ ಹಸಿ ಹಸಿ. ಒಂದು ಮಧ್ಯಾಹ್ನ ತಲೆನೋವೆಂದು ಬೇಗ ಮನೆಗೆ ಬಂದೆ. ಅವ್ವ ಕೋಣೆಯಲ್ಲಿ ನೈಟಿ ಎತ್ತಿಕೊಂಡು, ಡ್ರೆಸ್ಸಿಂಗಿನ ಮೇಲೆಯೇ ಒಳಲಂಗದ ಲಾಡಿ ಬಿಗಿಯುತ್ತಿದ್ದಳು.

"ಅವ್ವಾ! ಮತ್ತ ಕೊಯ್ಸಿಕೋಬೇಕಂತ ಮಾಡೀಯೇನು?" ನನ್ನ ಕೂಗು ಪಕ್ಕದ ಮನೆಗೂ ಕೇಳಿರಬೇಕು.

ಅವಳು ಮಂಚದ ಮೇಲೆ ಕುಸಿದಳು. "ಕಟ್ಟದಿದ್ರ ನಡಾನ ಇಲ್ಲದಂಗ ಆಗತೈತಿ. ನಿಮ್ಮಪ್ಪ ಹ್ವಾದ ದಿನಾನೂ ಬಿಗಿ ಕಟಗೊಂಡ ನಿಂತಿದ್ದೆ ನಾ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳೇ ನನ್ನ ಬೆನ್ನು ಸವರುತ್ತ, "ಲಂಗಕ್ಕ ಹೆಗಲಪಟ್ಟಿ ಹಚ್ಚಿ ಹೊಲಿಸಿದ್ರ ಹೆಂಗ?" ಎಂದಳು. "ನೀ ಸಣ್ಣಾಕಿ ಇದ್ದಾಗ ಹೊಲಿಸಿದ್ದೆನಲ್ಲ. ನಿನಗ ನಡಾನ ಇರಲಿಲ್ಲ, ಲಂಗ ಜಾರಿ ಜಾರಿ ಬೀಳ್ತಿತ್ತು."

ಟೇಲರ್ ಅಳತೆ ಕೇಳಿ, "ಅಜ್ಜಿಗೆ ಫ್ರಾಕಾ?" ಎಂದು ನಕ್ಕ. ಅವ್ವ ಅವನಿಗಿಂತ ಜೋರಾಗಿ ನಕ್ಕಳು. ಲಂಗ ಹೆಗಲಿನಿಂದ ಇಳಿಬಿತ್ತು, ಸೀರೆಯ ನೆರಿಗೆಗಳು ಅದಕ್ಕೇ ಪಿನ್ನಿನಲ್ಲಿ ನಿಂತವು, ಸೊಂಟಕ್ಕೆ ಬಿಡುವು ಸಿಕ್ಕಿತು. ಗಾಯ ಅಂಚಿನಿಂದ ಒಳಕ್ಕೆ, ಅವಸರವೇ ಇಲ್ಲದೆ, ಕೂಡತೊಡಗಿತು. ಕೊನೆಗೊಂದು ದಿನ ಡಾಕ್ಟರಮ್ಮ ಇನ್ನು ಡ್ರೆಸ್ಸಿಂಗ್ ಬೇಡ, ಆಪರೇಷನ್ನೂ ಬೇಡ ಎಂದರು.

ಮರುದಿನ ಬೆಳಿಗ್ಗೆ ನಾನು ಚೂಡಿದಾರ ಹಾಕಿಕೊಂಡು ಆಫೀಸಿಗೆ ಹೊರಟಿದ್ದೆ. ಕೆಳಗೆ ಕ್ಯಾಬ್ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅವ್ವ ನನ್ನನ್ನು ಹತ್ತಿರ ಕರೆದು, ಅಂಗಿ ಎತ್ತಿ, ಲಾಡಿಯ ಕೆಳಗೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ. ಅವಳ ಕಣ್ಣುಗಳು ತುಂಬಿಕೊಂಡವು. ಗಂಟು ಬಿಚ್ಚಿ, ತಾನೇ ಮತ್ತೆ ಕಟ್ಟಿದಳು.

"ಸಡ್ಲ ಇರ್ಲಿ, ನನ್ನವ್ವಾ," ಎಂದಳು.