ಬಲಗಡೆ ಬಂದ ಸಾಲು

ದೆವ್ವ, ಗಾಳಿ ಎಂದವರನ್ನು ನಾನು ಗೇಲಿ ಮಾಡಿ ಕಳಿಸುತ್ತಿದ್ದೆ. ವಿಜಯಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು ನಾನು. ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಒಂದೋ ವ್ಯತ್ಯಾಸ ಇರುತ್ತದೆ, ಇಲ್ಲವೋ ಇರುವುದಿಲ್ಲ, ಮೂರನೆಯದೆಂಬುದಿಲ್ಲ ಎಂದು ಪಾಠ ಮಾಡುತ್ತಿದ್ದೆ. ಈಗ ಆ ಪಾಠ ಬಂದರೆ ಆ ಕೊನೆಯ ಮಾತನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಕನಮಡಿಯಲ್ಲಿ ಆಡು ಸಾಕಿಕೊಂಡಿದ್ದ ನನ್ನಕ್ಕನಿಗೆ ದನಕರುಗಳ ಮದ್ದೆಲ್ಲ ಬಾಯಿಪಾಠ. ಎರಡು ಬೇಸಿಗೆ ರಜೆ ಅವಳ ಕಟ್ಟೆಯ ಮೇಲೆ ಕೂತು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ಆಮೇಲೆ ಪುಸ್ತಕಕ್ಕೆಂದು ಅದರ ಪ್ರತಿ ತೆಗೆದು, ‘ಮನಿ’ ಎಂದಿದ್ದನ್ನೆಲ್ಲ ‘ಮನೆ’ ಮಾಡುತ್ತ ತಿದ್ದಿದೆ. ಓದಿ ತೋರಿಸಿದಾಗ ಅಕ್ಕ ಮುಖ ಸಿಂಡರಿಸಿದಳು.

“ಯಪ್ಪಾ, ಇದ್ಯಾರ ಮಾತೋ? ಸಾಲಿ ಮಾಸ್ತರ ಆಡಿದಂಗ ಐತಿ. ನನ್ನ ಮಾತ ನನಗ ಕೊಡೋ ತಮ್ಮಾ.”

ಕೊಡುತ್ತೇನೆ ಎಂದೆ. ಮರುತಿಂಗಳೇ ಎದೆನೋವು ಬಂದು ಹೋಗಿಬಿಟ್ಟಳು.

ದಿನಕರ್ಮ ಮುಗಿಸಿ ಬಂದು ಎರಡೂ ಫೈಲುಗಳನ್ನು ಹೋಲಿಸಿದೆ. ‘ವ್ಯತ್ಯಾಸವಿಲ್ಲ’ ಎಂದು ಬಂತು. ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸಿಬಿಟ್ಟಿದ್ದೆ! ಸುಡಲಿ ನನ್ನ ಕೈ. ಅವಳ ದನಿಯನ್ನೂ ಎಲ್ಲೂ ಹಿಡಿದಿಟ್ಟಿರಲಿಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಗಾಂಧಿ ಚೌಕದ ರಿಪೇರಿ ಅಂಗಡಿಗೂ ಹೋದೆ. “ಏನೂ ಉಳದಿಲ್ರಿ ಸರ” ಅಂದ ಅಂಗಡಿಯವ.

ಆದರೂ ದಿನಾ ಊಟವಾದ ಮೇಲೆ ಹೋಲಿಸಿ ನೋಡುವುದು ಚಟವಾಯಿತು. ಒಂದು ಮಧ್ಯಾಹ್ನ ಒಂದು ಸಾಲು ಕೆಂಪಾಯಿತು. ಎಡಗಡೆ ನಾನು ತಿದ್ದಿದ್ದು: ‘ಆಡಿಗೆ ಮೊದಲು ನೀರು ಕುಡಿಸಬೇಕು.’ ಬಲಗಡೆ, ಮೂಲದ ಫೈಲಿನಲ್ಲಿ: ‘ಆಡಿಗಿ ಮೊದ್ಲ ನೀರ ಕುಡಸಬೇಕ. ತಮ್ಮಾ, ನೀನೂ ಈಟ ಕುಡಿಯೋ.’

ಹೆಂಡತಿಯನ್ನು ಕೂಗಿದೆ. ಒದ್ದೆ ಕೈಯಲ್ಲೇ ಬಂದು ಓದಿದಳು.

“ಅಯ್ಯ ನಮ್ಮವ್ವಾ! ಅಕ್ಕಾರ ಮಾತಾಡಿದಂಗ ಐತಲ್ರಿ!”

ಉಳಿಸಿಕೊಳ್ಳಬೇಕೆಂದು ಗಡಿಬಿಡಿಯಲ್ಲಿ ಒತ್ತಿದೆ. ಕೈಗೆ ವರ್ಷಗಳಿಂದ ರೂಢಿಯಾಗಿದ್ದ ಕೀಲಿ ಅದು, ಬಲಗಡೆಯ ಸಾಲನ್ನು ಎಡಗಡೆಯದರಂತೆ ಮಾಡುವ ಕೀಲಿ. ಕೆಂಪು ಹೋಯಿತು. ಏನು ಮಾಡಿದರೂ ತಿರುಗಿ ಬರಲಿಲ್ಲ. ಎರಡನೆಯ ಸಲವೂ ಅವಳನ್ನು ನಾನೇ ಅಳಿಸಿದೆ.

ಹಳೆಯ ಪ್ರತಿಯ ತುಣುಕು ಎಲ್ಲೋ ಉಳಿದಿರಬೇಕು ಎನ್ನುತ್ತಾರೆ ಸಹೋದ್ಯೋಗಿಗಳು. ಮೊದಲ ಮಾತಿನ ಮಟ್ಟಿಗೆ ಇರಬಹುದು. ಆದರೆ ಆ ಎರಡನೆಯ ಮಾತನ್ನು ನಾನು ಬರೆದುಕೊಂಡೇ ಇರಲಿಲ್ಲ. ಆ ಸಾಲು ಬರೆದುಕೊಂಡ ದಿನ, ಬಿಸಿಲಿನಲ್ಲಿ ಅಕ್ಕ ತಂಬಿಗೆ ಮುಂದಿಟ್ಟು ಹಾಗೆಂದದ್ದು ಮಾತ್ರ ನಿಜ. “ತಡಿಯಕ್ಕಾ, ಈ ಸಾಲ ಮುಗೀಲಿ” ಎಂದು ತಲೆಯೆತ್ತದೆ ಟೈಪು ಮಾಡುತ್ತಿದ್ದೆ. ಕುಡಿಯದೆಯೇ ವಿಜಯಪುರಕ್ಕೆ ಮರಳಲು ಟಿಕೋಟಾ ಬಸ್ಸು ಹತ್ತಿದ್ದೆ.

ಈಗಲೂ ದಿನಾ ಹೋಲಿಸುತ್ತೇನೆ, ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟುಕೊಂಡು. ‘ವ್ಯತ್ಯಾಸವಿಲ್ಲ’ ಎಂದೇ ಬರುತ್ತದೆ.